ಮಕ್ತುಂಸಾಬರ ಡಬ್ಬಿ

ದುಧನಿ ಸ್ಟೇಷನ್ ರಸ್ತೆ, ಹಿಟ್ಟಿನ ಗಿರಣಿ ಬಾಜೂಕ
ನನ್ನ ಅಂಗಡಿ. ಮಿಕ್ಸರ್, ಇಸ್ತ್ರಿ, ಟಾರ್ಚು ರಿಪೇರಿ.
ಗಿರಣಿ ನಿಂತ ಮ್ಯಾಲೇ ಸಣ್ಣ ಸದ್ದು ಕೇಳಸ್ತಾವ,
ಅದಕ್ಕ ಇಂಥ ಕೆಲಸ ಹೊತ್ತು ಮುಣಗಿದ ಮ್ಯಾಲೆ.

ಇದು ಮಕ್ತುಂಸಾಬರ ಡಬ್ಬಿ.
ಬೆಂಜೋ ಪಾರ್ಟಿ ಅವರದು, ನಾಳೆ ಮೈಂದರ್ಗಿಯೊಳಗ ವರಾತ.
"ತಂತಿ ಹರದಂಗ ಕೂಗಬೇಕವ್ವಾ, ಆದರ ಹರೀಬಾರದು"
ಅಂದಿದ್ರು. ಅವರು ಕೊಟ್ಟ ನಕಾಶೆ ಅಷ್ಟ.

ಉಳಿದದ್ದು ಜಕ್ಕಣ್ಣ ಮಾಸ್ತರದು,
ಸೋಲಾಪುರದ ಐಟಿಐದಾಗ ನನಗ ಕಾವಿ ಹಿಡಿಯೂದು ಕಲಿಸಿದವರು.
ಮರಾಠಿ ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ ಗೆರಿ:
ಎರಡು ಟ್ರಾನ್ಸಿಸ್ಟರು, ನಾಕು ಕೆಪಾಸಿಟರು,
ಮೂಲ್ಯಾಗ ಚಹಾ ಕಪ್ಪಿನ ಒಂದು ಉಂಗುರ.
ಅದೂ ಸರ್ಕಿಟ್ಟಿನ ಭಾಗ ಏನೋ ಅಂತ
ಮೊದಲ ದಿನ ಭಾಳ ಹೊತ್ತು ನೋಡಿದ್ದೆ.

ಡಬ್ಬಿ ನಂದ, ಸಾಲಿ ಡಬ್ಬಿ, ಜರ್ಮನ್ದು.
ತೂತು ಹೊಡದಾಗ ಶೇಂಗಾ ಹಿಂಡಿ ವಾಸನಿ ಬಂತು.

ಬ್ಯಾಟರಿ ನಾಲಿಗಿಗೆ ಹಚ್ಚಿದೆ. ಚುರುಕ್. ಜೀವ ಐತಿ.
ಬೆಂಜೋ ಜೋಡಿಸಿದೆ, ಸ್ವಿಚ್ ತುಳದೆ, ಮೀಟಿದೆ.
ಬೆಂಜೋ ಇಲ್ಲ.
ಒಬ್ಬಾಕಿ ಹೆಣ್ಮಗಳು ತೊಗರಿ ದರ ಓದ್ಲಿಕತ್ತಾಳ!

ಕಲಬುರಗಿ ಆಕಾಶವಾಣಿ.
ಏರಿಯಲ್ ಇಲ್ಲ, ಮುಳ್ಳಿಲ್ಲ, ತಿರುವಲಿಕ್ಕೆ ಕಿವಿ ಇಲ್ಲ.
ಬೆರಳು ಹಚ್ಚಿದರ ದನಿ ಏರಸ್ತಾಳ,
ತಗದರ ತಗ್ಗಸ್ತಾಳ.
ಮಕ್ತುಂಸಾಬರಿಗೆ ಫೋನ್ ಹಚ್ಚಿ ಕೇಳಿಸಿದೆ.
ಗಿರಣಿ ಸಂಗವ್ವ ಹಿಟ್ಟಿನ ಮಾರಿ ಒಳಗ ಹಾಕಿ,
"ರೇಡಿಯೋ ಮಾಡಂದಿದ್ರೇನ ನಿನಗ?"

ವಾಯರಿನ ತುದಿಗೊಂದು ಕೆಪಾಸಿಟರ್ ಕಟ್ಟಿ
ಸದ್ದಿನ ಹೆಜ್ಜಿ ಹಿಡದು ಹೊಂಟೆ.
ಒಳಜಾಕಿನ್ಯಾಗ ಬೆಂಜೋ ಐತಿ.
ಮೊದಲ ಕೆಪಾಸಿಟರ್ ದಾಟಿದ ಮ್ಯಾಲೂ ಐತಿ,
ಮುಚ್ಚಿದ ಬಾಗಿಲಾಚೆ ಕೂಸು ಅತ್ತಂಗ.
ಟ್ರಾನ್ಸಿಸ್ಟರಿನ ನಡುವಿನ ಕಾಲಿಗೂ ಐತಿ.
ಅದರ ಮುಂದ ಇಲ್ಲ.

ಮೀಟರ್ ಹಿಡದೆ.
ನಾಕೂವರಿ ವೋಲ್ಟ್ ಇರಬೇಕಾದಲ್ಲಿ
ಒಂಬತ್ತಕ್ಕ ಒಂದು ಕೂದಲೆಳಿ ಕಮ್ಮಿ.
ಅಂದ್ರ ಈ ಪುಣ್ಯಾತ್ಮ ದುಡಿಯವಲ್ಲ, ಕೈ ಕಟ್ಟಿ ನಿಂತಾನ.
ಅವನ್ನ ಕಿತ್ತು ಹೊಸಾದು ಹಾಕಿದೆ.
ಅದೂ ಕೈ ಕಟ್ಟಿತು.

ಒಂಬತ್ತಾತು. ಗುಳಿಗಿ ತಗೋ ಅಂತ ಮನಿಯಿಂದ ಫೋನು.
ಕ್ಯಾಲೆಂಡರ್ ಎತ್ತಿ ಟ್ಯೂಬ್‌ಲೈಟಿಗೆ ಹಿಡದೆ, ಸುಮ್ಮನ, ಬ್ಯಾಸರಕ್ಕ.
ಹಿಂದಿನ ಜೂನ್ ತಿಂಗಳು ತಿರುಗುಮುರುಗಾಗಿ ಮೂಡಿತು,
ಏಕಾದಶಿ, ಅಮಾಸಿ, ಎಲ್ಲಾ ಉಲ್ಟಾ.
ಆ ಚಹಾದ ಉಂಗುರದೊಳಗ
ಕಂಡೂ ಕಾಣದಂಗ ಪೆನ್ಸಿಲ್ಲಿನ ಒಂದು ಮಾತು:
ಕೆಳಗಿಂದ.

ಮಾಸ್ತರು ಕಾಲು ಬರದದ್ದು ಅಂಗಾತ ಮಲಗಿಸಿ,
ನಾ ಹಾಕಿದ್ದು ಮ್ಯಾಲೆ ನಿಂತು ನೋಡಿ.
ಎಡದ್ದು ಬಲಕ್ಕ ಹೋಗಿತ್ತು, ಬಲದ್ದು ಎಡಕ್ಕ,
ನಡುವಿಂದು ಮಾತ್ರ ನಡುವ.
ಮಾಸ್ತರಿಗೆ ಒಂದೆರಡು ಬೈಗುಳ, ನನಗ ನಾಕು.

ತಿರುವಿ ಬೆಸದೆ. ಮೀಟಿದೆ.
ಯಪ್ಪಾ, ಆ ಕೂಗು! ಗಿರಣಿ ಪತ್ರಾ ಗದಗದ ನಡಗಿತು,
ನಾಯಿ ಎದ್ದು ಕುಂತಿತು.
ಮೀಟೂದು ನಿಲ್ಲಿಸಿದರ, ತಳದಾಗ,
ಇನ್ನೂ ಆಕಿ. ದರ ಎಲ್ಲಾ ಮುಗದಿತ್ತು,
ಹವಾಮಾನಕ್ಕ ಬಂದಿದ್ದಳು.

ಜಾಕಿನ ಅರ್ಥಿನ್ಯಾಗ ಒಂದು ಬೆಸಗಿ,
ಮಿಂಚಿಲ್ಲದ್ದು, ಬೂದಿ ಬಣ್ಣದ್ದು, ಹಳಸಿದ ಅನ್ನದಂಗ.
ಹಿಡದಂಗಿತ್ತು, ಹಿಡದಿರಲಿಲ್ಲ.
ಅಲ್ಲೇ ಕುಂತಿದ್ದಳು ಆಕಿ.
ಕಾವಿ ಊರಿದೆ. ರಾಳಿನ ಹೊಗಿ ಎದ್ದಿತು.
"ನಾಳೆ ಮುಂಜಾನೆ ಅಲ್ಲಲ್ಲಿ" ಅಂದಳು,
ಅಷ್ಟ.

ಮುಂಜಾನೆ ಮಕ್ತುಂಸಾಬರು ಬಂದರು, ಕೂದಲಿಗೆ ಮದರಂಗಿ ಹಚ್ಚಿ.
ತುಳದರು, ಬಾರಿಸಿದರು, ರೊಕ್ಕ ಎಣಿಸಿದರು.
"ರಾತ್ರಿ ಫೋನಿನ್ಯಾಗಿದ್ಲಲ್ಲ, ಆ ಹೆಣ್ಮಗಳೆಲ್ಲಿ?
ಬಿಳೇ ತೊಗರಿ ಎಷ್ಟಂದಳು?"
ಬೆಸಗಿ ಹಾಕಿದೆ, ಹೋದಳು, ಅಂದೆ.

ಹೊಂಟವರು ಹೊಳ್ಳಿ ಬಂದು
ಡಬ್ಬಿ ಇನ್ನೊಂದು ಸಲ ತುಳದರು,
ತಂತಿ ಮುಟ್ಟಲಿಲ್ಲ,
ಬಗ್ಗಿ ಕಿವಿ ಕೊಟ್ಟರು.