ಸವಕಳಿ ಕಳೆದು

"ಸೂಟಿಗಾ ಸಾರ್, ಜೀನ್ಸಿಗಾ?" ಅಂದ ಅತಾವುಲ್ಲಾ,
ಸಂತೇಪೇಟೆಯ ಅಂಗಡಿಯಲ್ಲಿ ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತು.
"ಎರಡಕ್ಕೂ ಒಂದೇ ಕೊಡಪ್ಪ,
ನನಗಿರೋದು ಎರಡೇ ಕಾಲು."

ಬೆಳಿಗ್ಗೆ ಹೈವೇಯಲ್ಲಿ ಮಗುಚಿದ ಲಾರಿಯಡಿ ಬಗ್ಗಿ
ಚಾಸಿ ನಂಬರು ಬರೆದುಕೊಳ್ಳುವವನು ನಾನು,
ಮಧ್ಯಾಹ್ನ ಕೋರ್ಟಿನ ಕಟಕಟೆಯಲ್ಲಿ
ನಷ್ಟ ಎಷ್ಟು, ಯಾಕೆ ಅಷ್ಟೇ, ಎಂದು ಹೇಳುವವನು.
ವಿಮೆಯ ಸರ್ವೇಯರು.
ಜೀನ್ಸು ಅದಕ್ಕೆ, ಸೂಟು ಇದಕ್ಕೆ.
ಸೂಟು ನನ್ನ ಮದುವೆಯದೇ, ಗುಂಡಿ ಸರಿಸಿ ಹೊಲಿಸಿದ್ದೇನೆ.
ನಡುವೆ ಬಟ್ಟೆ ಬದಲಿಸಲು ಹೋಟೆಲಿನ ಬಚ್ಚಲಿದೆ,
ಇನ್ನೊಂದು ಜೊತೆ ಬೂಟಿಗೆ ಬೈಕಿನ ಡಬ್ಬಿಯಲ್ಲಿ ಜಾಗವಿಲ್ಲ.

ಒಮ್ಮೆ ಕ್ಯಾನ್ವಾಸಿನಲ್ಲೇ ಹೋಗಿದ್ದೆ.
ಎದುರು ವಕೀಲರು ಪ್ರಶ್ನೆ ಕೇಳುವ ಮುನ್ನ
ನನ್ನ ಕಾಲು ನೋಡಿದರು, ಸುಮ್ಮನೆ,
ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು.
ಹನ್ನೆರಡು ಪುಟದ ವರದಿ
ಆಗಲೇ ಅರ್ಧ ಬಿದ್ದುಹೋಗಿತ್ತು.

ಡಬ್ಬಿಗಳು ಇಳಿದವು.
ಚೂಪು ಮೂತಿಯದು ಬೇಡ, ಬೀಗರೂಟಕ್ಕೆ ಹೊರಟಂತಿದೆ.
ದಪ್ಪ ಮೂತಿಯದು ಬೇಡ, ಠಾಣೆಗೆ ಹೊರಟಂತೆ.
ಬಕಲ್ಲು ಮಿನುಗುತ್ತದೆ, ಜಿಪ್ಪು ಧೂಳು ತಿನ್ನುತ್ತದೆ.
ಅಟ್ಟೆ ಟ್ರ್ಯಾಕ್ಟರ್ ಟೈರಿನಂತಿದ್ದರೆ ಪ್ಯಾಂಟಿನ ಗೆರೆಗೆ ಅವಮಾನ,
ದೋಸೆಯಂತಿದ್ದರೆ ಗಾಜಿನ ಚೂರಿಗೆ ಹಬ್ಬ.
ಕಪ್ಪು, ಸೂಟಿನ ಮನೆಮಗ,
ಜೀನ್ಸಿಗೆ ಹಾಕಿದರೆ ಡ್ಯೂಟಿ ಮುಗಿದ ಕಂಡಕ್ಟರು.
ಜೇನುಬಣ್ಣ, ಜೀನ್ಸಿನ ಗೆಳೆಯ,
ಕೋರ್ಟಿನಲ್ಲಿ ಸಾಕ್ಷಿ ಹೇಳುವ ಮೊದಲೇ ನಕ್ಕುಬಿಡುತ್ತದೆ.
ನಡುವಿನದೊಂದು ಇತ್ತು,
ಹಳೇ ಹುಣಸೆಹಣ್ಣಿನ ಬಣ್ಣ,
ನೆರಳಲ್ಲಿ ಕಪ್ಪು, ಬಾಗಿಲಿಗೆ ತಂದರೆ ಕೆಂಪು,
ಕಾಲ ಹರಡು ಮುಚ್ಚುವಷ್ಟೇ ಎತ್ತರ.

ಹೆಬ್ಬೆಟ್ಟಿನಿಂದ ಒತ್ತಿದೆ. ಸುಕ್ಕಾಯಿತು, ಮತ್ತೆ ಮರೆಯಿತು.
"ರೆಕ್ಸಿನ್ನು ಹೀಗೆ ಮರೆಯಲ್ಲ ಸಾರ್,
ನೆನಪಿಟ್ಕೊಂಡು ಅಲ್ಲೇ ಬಿರಿಯುತ್ತೆ."
ನಾಲ್ಕು ಸಾವಿರದ ಎಂಟುನೂರು. ಇನ್ನೂರು ಬಿಟ್ಟ,
ಪಾಲಿಶ್ ಡಬ್ಬಿ ಬಿಡಲಿಲ್ಲ.

ಬಸ್‌ಸ್ಟ್ಯಾಂಡಿನ ದುರುಗೇಶ ಉಗುರಿನಿಂದ ಹೊಲಿಗೆ ಮೀಟಿದ,
ಕಿವಿಗಿಟ್ಟು ತಟ್ಟಿದ, ಕಲ್ಲಂಗಡಿ ಕೊಳ್ಳುವವರ ಹಾಗೆ.
"ಗೋಂದಲ್ಲ, ದಾರ. ಅಟ್ಟೆ ಸತ್ರೂ ಮೈ ಬದುಕುತ್ತೆ.
ಎರಡು ಸಲ ಅಟ್ಟೆ ಹಾಕಿಕೊಡ್ತೀನಿ.
ನಾನಿದ್ರೆ."

ಮೊದಲ ವಾರ ಹಿಮ್ಮಡಿಯಲ್ಲಿ ಬೊಬ್ಬೆ.
ಪ್ರೇಮಲೀಲಾ ಕೊಬ್ಬರಿ ಎಣ್ಣೆ ತಂದಳು,
ನನಗೋ ಬೂಟಿಗೋ ಅಂತ ಕೇಳಲಿಲ್ಲ, ಇಬ್ಬರಿಗೂ ಹಚ್ಚಿದಳು.

ಎರಡನೇ ವಾರ ಐಮಂಗಲದ ಹತ್ತಿರ ಈರುಳ್ಳಿ ಲಾರಿ.
ರಸ್ತೆ ತುಂಬ ಗಡ್ಡೆ, ಡೀಸೆಲ್ಲು, ಗಾಜು.
ಜೀನ್ಸು ಒಂದು ಮಡಿಕೆ ಏರಿಸಿ ಸುತ್ತು ಹಾಕಿದೆ.
ಡ್ರೈವರು ಮೋರಿಯ ಕಟ್ಟೆ ಮೇಲೆ ತಲೆ ತಗ್ಗಿಸಿ ಕೂತಿದ್ದ,
ಕೇಳಿದ್ದಕ್ಕೆಲ್ಲ ನೆಲಕ್ಕೇ ಉತ್ತರ ಹೇಳಿದ.
ನಾನು ಮುಖ ಬರೆದುಕೊಳ್ಳುವುದಿಲ್ಲ, ನಂಬರು ಬರೆದುಕೊಳ್ಳುತ್ತೇನೆ.

ಹದಿನಾಲ್ಕು ತಿಂಗಳ ಮೇಲೆ, ದುರ್ಗದ ಕೋರ್ಟಿನ ವರಾಂಡ.
ಕೋಟೆ ಬಂಡೆಗಳ ಕಾವೆಲ್ಲ ಊರ ಮೇಲೆ.
ಸೂಟಿನೊಳಗೆ ಬೇಯುತ್ತ ಕೂತಿದ್ದೆ.
ಎದುರು ಬೆಂಚಿನವನಿಗೆ ನನ್ನ ಮುಖದ ಗುರುತು ಹತ್ತಲಿಲ್ಲ,
ಕಣ್ಣು ಕೆಳಗಿಳಿಸಿದ, ಎದ್ದು ನಿಂತ.
"ಅವತ್ತು ಬಂದಿದ್ದೋರು ನೀವೇ ಅಲ್ವಾ ಸಾರ್.
ನಾ ಅವತ್ತು ನೋಡಿದ್ದು ಇವನ್ನೇ."

ಟೈ ಸರಿಮಾಡಿಕೊಂಡೆ, ಯಾಕೋ.
ಅವನ ಕಾಲಲ್ಲಿ ಉಂಗುಷ್ಟ ಕಿತ್ತ ಹವಾಯಿ, ಪಿನ್ನು ಚುಚ್ಚಿದ್ದು.
"ಒಳ್ಳೆ ಚರ್ಮ. ಎಷ್ಟಾಯ್ತು ಸಾರ್?"

ಅವನ ಲಾರಿಗೆ ನಾನೇ ಬರೆದಿದ್ದೆ,
ಟೈರಿಗೆ ಶೇಕಡ ಐವತ್ತು ಕಳೆ,
ತಗಡಿಗೆ ವಯಸ್ಸು ನೋಡಿ ಕಳೆ.
ಅಭ್ಯಾಸ. ಬಾಯಿ ತಾನೇ ಲೆಕ್ಕ ಹಾಕಿತು,
ಸವಕಳಿ ಕಳೆದು ಹೇಳಿದೆ:
"ಎರಡು ಸಾವಿರದ ಮುನ್ನೂರು."

"ಅಷ್ಟೇನಾ!" ಅಂದ.
ತಾನೂ ಒಂದು ಜೊತೆ ಕೊಳ್ಳಬಹುದು ಎನ್ನುವ ಹಾಗೆ.

ಒಳಗಿಂದ ಜವಾನ ನನ್ನ ಹೆಸರು ಕೂಗಿದ,
ಓಬಳೇಶ, ಓಬಳೇಶ, ಮೂರನೆಯ ಸಲ ಮೂಗಿನಿಂದ.
ಎದ್ದೆ. ಎಡಗಾಲ ಲೇಸಿನ ಸಂದಿಯಲ್ಲಿ
ಬೆಳಗಿನ ಯಾವುದೋ ಲಾರಿಯ ಕೆಮ್ಮಣ್ಣು.
ಬಗ್ಗಿ ಒರೆಸಲಿಲ್ಲ.
ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಲು
ಒಳಗೆ ನಡೆದೆ. ಅಟ್ಟೆ ಕಿರುಗುಟ್ಟಿತು.