ಅರ್ಧ ಹೂ, ಒಂದು ಕನ್ನಡಿ

ಹೀಯುಮಾ ದ್ವೀಪ. ಜುಲೈ. ರಾತ್ರಿ ಹತ್ತಾದರೂ ಬೆಳಕು.
ಹೆಲ್ವೆ ಊಟದ ಮೇಜಿನ ಮೇಲೆ ಹೂ ಹರಡಿ
ಬ್ಲೇಡಿನಿಂದ ನಟ್ಟನಡುವೆ ಸೀಳುತ್ತಾಳೆ,
ಅರ್ಧಕ್ಕೆ ಕನ್ನಡಿ ಆನಿಸುತ್ತಾಳೆ:
ಇಡೀ ಹೂ ಎದ್ದು ಕೂರುತ್ತದೆ.

ಬಟಾಣಿ, ಸೀತಾಳೆ, ಪುದೀನದ ದಾಯಾದಿ ಸೇಜ್.
ಇವಕ್ಕೆ ಯಾವ ಗೋತ್ರ, ಎಲ್ಲಿಯ ನಂಟು?
ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದವರಲ್ಲ.
ಆದರೂ ಅದೇ ಮೋರೆ:
ಮೇಲೊಂದು ತುಟಿ, ಕೆಳಗೊಂದು ತುಟಿ,
ದುಂಬಿ ಕಾಲೂರಲು ಅಷ್ಟಗಲ ಜಗಲಿ,
ಸೀಳಲು ಒಂದೇ ಒಂದು ಗೆರೆ.

ಬೇಲಿಯಾಚೆ ಸಿಕ್ಕ ಹಳದಿ ಹೂ ಮಾತ್ರ ತಂಟೆಮಾರಿ.
ಕೋಗಿಲೆಗಾಲಿನ ಮುಳ್ಳು ಅಂತ ಅಲ್ಲಿಯವರು ಕರೆಯುವುದು.
ಒಂದು ಮುಳ್ಳಿರಬೇಕಾದಲ್ಲಿ ಇದಕ್ಕೆ ಐದು;
ಎತ್ತ ಸೀಳಿದರೂ ಸಮ.
ಬೆಳಿಗ್ಗೆ ದುಂಬಿ ಸುತ್ತಿ ಸುತ್ತಿ
ಬಾಗಿಲು ಯಾವ ಕಡೆ ಎಂದು ತಿಳಿಯದೆ ಹೋಯಿತಂತೆ.

ಚಳಿಗಾಲದಲ್ಲಿ ಲಕ್ವ ಹೊಡೆದಾಗಿನಿಂದ
ಹೆಲ್ವೆಯ ಎಡತುಟಿ ನಗುವುದಿಲ್ಲ.
ಮೊಮ್ಮಗ ಊಕು ಕನ್ನಡಿ ಕಸಿದು
ಅಜ್ಜಿಯ ಮೂಗಿನ ಮೇಲೆ ನಿಲ್ಲಿಸಿದ.
ಬಲಕ್ಕೆ ಬಲ ಕೂಡಿದರೆ
ಗೋಡೆಯ ಮದುವೆ ಪಟದವಳು.
ಎಡಕ್ಕೆ ಎಡ ಕೂಡಿದರೆ
ಯಾರೋ ನಿದ್ದೆ ಹೋದವರು.

"ಯಾರು ಕಂಡರೋ?"
"ಇಬ್ಬರು ಕಂಡರು. ನೀನು ಕಾಣಲಿಲ್ಲ."

ಅರೆಬಾಯಲ್ಲಿ ನಕ್ಕು, ಬ್ಲೇಡು ಒರೆಸಿ,
ಐದು ಮುಳ್ಳಿನ ಹೂವನ್ನು
ಸೀಳದೆ ಟೀ ಲೋಟದ ನೀರಿಗಿಟ್ಟಳು.