ಕಿವಿರಿನ ಕೆಂಪು

ಬಂದರು ಪೇಟೆಯ ಓಣಿಯಲ್ಲಿ, ಹಗ್ಗ ಬಲೆ ಮಾರುವ ಅಂಗಡಿಯ ತಲೆಯ ಮೇಲೆ
ನನ್ನ ಸ್ಟುಡಿಯೋ. ಹನ್ನೊಂದು ಮರದ ಮೆಟ್ಟಿಲು,
ಏಳನೆಯದು ಅಲುಗುತ್ತದೆ.
ಇರುವುದು ಒಂದೇ ಗೋಡೆ, ಬೂದಿ ಬಣ್ಣ.
ಅದರ ಮೇಲೆ ಬೇಕಾದ್ದು ಎರಚಬಲ್ಲೆ:
ಫ್ಲ್ಯಾಶಿನ ಬಾಯಿಗೆ ಒಂದು ತುಂಡು ಬಣ್ಣದ ಜೆಲ್,
ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು.

ಮೊದಮೊದಲು ಜೆಲ್ಲಿಗೆ ದುಡ್ಡಿರಲಿಲ್ಲ.
ದೀಪಾವಳಿ ಮುಗಿದ ಗೂಡುದೀಪದ ಮೈ ಹರಿದು
ಗ್ಲಾಸ್ ಪೇಪರ್ ಕಟ್ಟಿದ್ದೆ. ಮೂರನೇ ಹೊಡೆತಕ್ಕೆ
ಹಸಿರು ಹಪ್ಪಳದ ಹಾಗೆ ಮುದುಡಿ,
ಮದುಮಗಳ ತಾಯಿ ಮೂಗೆಳೆದು ಕೇಳಿದ್ದರು,
"ಎಂತದೋ ಕರಟಿದ ವಾಸನೆ ಉಂಟಲ್ಲ?"

ವಾರಿಜಕ್ಕ ಬಂದದ್ದು ಒಂದು ಸೋಮವಾರ, ಮಟಮಟ ಮಧ್ಯಾಹ್ನ.
ಬುಟ್ಟಿ ಕೆಳಗೆ ಇಟ್ಟು, ಕೈಗೆ ಲಿಂಬೆ ತಿಕ್ಕಿ,
ಅಲುಗುವ ಮೆಟ್ಟಿಲಿಗೆ ಎರಡು ಬೈದು.

"ಗೋಡೆಯಲ್ಲಿ ತೂಗುವಂಥ ಫೋಟೊ ಬೇಕು.
ನಾನು ಸತ್ತ ಮೇಲೆ ಮಕ್ಕಳು
ರೇಷನ್ ಕಾರ್ಡಿನ ಮೋರೆ ಕತ್ತರಿಸಿ ಹಿಂದೆ ಮೋಡ ಇಡ್ತಾರೆ.
ನಮ್ಮ ನಾದಿನಿಗೆ ಸ್ವಿಟ್ಜರ್ಲೆಂಡಿನ ಗುಡ್ಡೆ ಇಟ್ಟರು.
ಅವಳು ಮುಲ್ಕಿ ದಾಟಿದವಳಲ್ಲ."

ನೀಲಿ ಹಾಕಿದೆ, ಕಡಲಿನವಳು ಮೆಚ್ಚಿಯಾಳು ಎಂದು.
ಕ್ಯಾಮರಾದ ಬೆನ್ನು ನೋಡಿ ಮೂಗು ಮುರಿದಳು:
"ಟಾರ್ಪಾಲಿನ ನೀಲಿ, ಐಸ್ ಪೆಟ್ಟಿಗೆಯ ನೀಲಿ.
ಇಷ್ಟು ವರ್ಷ ಇದ್ದದ್ದೇ, ಸತ್ತ ಮೇಲೂ ಯಾಕೆ?"
ಹಳದಿಗೆ, "ಕಾಮಾಲೆ."
ನೇರಳೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು,
"ಚಂದ ಉಂಟು. ಬ್ಯೂಟಿ ಪಾರ್ಲರಿನ ಬೋರ್ಡು."

ಮತ್ತೆ ಯಾವುದಕ್ಕಾ?

ಎರಡು ಬೆರಳಿನಲ್ಲಿ ಗಾಳಿಯಿಂದ ಏನನ್ನೋ ಎತ್ತಿದಳು.
ಬಂಗುಡೆಯ ಕೆನ್ನೆಯ ಮುಚ್ಚಳ.
ನಲವತ್ತು ವರ್ಷ ಗಿರಾಕಿಗಳ ಕಣ್ಣೆದುರು ಎತ್ತಿದ್ದು.
"ಒಳಗೆ ಕೆಂಪಿದ್ದರೆ ಇವತ್ತಿನದ್ದು,
ಕಂದು ತಿರುಗಿದರೆ ನಿನ್ನೆಯದ್ದು.
ಆ ಕೆಂಪು ಉಂಟಾ ನಿನ್ನಲ್ಲಿ?"

ಉಂಟು ಎಂದೆ. ಇರಲಿಲ್ಲ.

ಬರೀ ಕೆಂಪು ಜೆಲ್ ಲಾರಿಯ ಬ್ರೇಕ್ ಲೈಟಾಯಿತು.
ಬೆಳಕು ಏರಿಸಿದರೆ ಹತ್ತು ಸಲ ಒಗೆದ ರವಿಕೆ.
ಇಳಿಸುತ್ತ ಹೋದೆ.
ಇಳಿಸಿದಷ್ಟೂ ಬಣ್ಣ ದಪ್ಪಗಾಗುತ್ತದೆ,
ಇಷ್ಟು ಕಲಿಯಲು ನನಗೆ ಆರು ವರ್ಷ ಹಿಡಿದಿತ್ತು.
ಇನ್ನೊಂದು, ಮುಖಕ್ಕಿಟ್ಟ ಬಿಳಿ ಬೆಳಕು
ಗೋಡೆಯನ್ನು ಮುಟ್ಟಬಾರದು. ಮುಟ್ಟಿತೋ,
ಪುಳಿಮುಂಚಿಗೆ ನೀರು ಹೊಯ್ದ ಹಾಗೆ.

"ಅಕ್ಕಾ, ಗೋಡೆ ಬಿಟ್ಟು ಏಳಡಿ ಮುಂದೆ ಬನ್ನಿ.
ಒರಗಲಿಕ್ಕೆ ಏನೂ ಇರುವುದಿಲ್ಲ."
"ಮಾರ್ಕೆಟ್ಟಿನಲ್ಲಿ ಯಾರಿಗೆ ಗೋಡೆ ಸಿಗ್ತದೆ ಮಾರಾಯಾ,"
ಎಂದು ಸ್ಟೂಲು ಎಳೆದುಕೊಂಡಳು.

ಕ್ರಿಸ್ಮಸ್ಸಿನ ಮಕ್ಕಳ ಫೋಟೊಕ್ಕೆ ತಂದಿದ್ದ
ಗುಲಾಬಿ ಜೆಲ್ಲಿನ ಒಂದು ಚೂರು ಮೇಜಿನ ಕೆಳಗೆ ಸಿಕ್ಕಿತು.
ಅಂಚಿಗೆ ಇರುವೆ ತಿಂದಂಥ ತೂತು.
ಕೆಂಪಿನ ಮೇಲೆ ಅದನ್ನಿಟ್ಟು ಕ್ಲಿಪ್ಪು ಹಾಕಿದೆ.

ಹದಿನಾಲ್ಕನೆಯ ಹೊಡೆತ.
ಬೂದಿ ಗೋಡೆ ಒದ್ದೆಯಾಯಿತು.
ಈಗಷ್ಟೇ ಯಾರೋ ಎತ್ತಿ ತೋರಿಸಿದ ಹಾಗೆ
ಒಳಗಿನದೊಂದು ತೆರೆದುಕೊಂಡು,
ಅದರ ಮುಂದೆ ವಾರಿಜಕ್ಕನ ಮೂಗುಬೊಟ್ಟು,
ಎಣ್ಣೆ ಹಚ್ಚಿದ ಬಿಳಿ ಕೂದಲು,
ಗಿರಾಕಿ ಎಷ್ಟು ಕೇಳುತ್ತಾನೆ ನೋಡುವ ಎಂಬ ಆ ಕಣ್ಣು.

ಪರದೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದಳು,
ಗುಳಿ ಬೀಳುತ್ತದೋ ಎಂದು. ಅಭ್ಯಾಸ.
"ಇವತ್ತಿನದ್ದು," ಎಂದಳು.

ಎಂಟುನೂರು ಅಂದದ್ದಕ್ಕೆ ಐನೂರು ಕೊಟ್ಟಳು.
ಅವಳ ಹತ್ತಿರ ನಾನು ಹತ್ತು ರೂಪಾಯಿ ಇಳಿಸಿದ್ದು
ನೆನಪಿಲ್ಲ.

ಆಮೇಲೆ ಒಬ್ಬ ಹುಡುಗ ಬಂದ, ಹೆಸರು ಇರ್ಷಾದ್,
ಯಾವುದೋ ಅರ್ಜಿಗೆ ಬಿಳಿ ಹಿನ್ನೆಲೆಯ ಫೋಟೊ.
ಹಿಂದಿನ ಜೆಲ್ ತೆಗೆಯಲು ಮರೆತಿದ್ದೆ.
ಅವನ ಎಡಗಿವಿಯ ಅಂಚಿಗೆ ಒಂದು ಗೆರೆ ಕೆಂಪು ಬಿತ್ತು.
"ಇದು ಅರ್ಜಿಗೆ ಆಗ್ಲಿಕ್ಕಿಲ್ಲ ಅಣ್ಣಾ," ಎಂದ.
ಸರಿ ಎಂದು ಇನ್ನೊಂದು ತೆಗೆದು ಕೊಟ್ಟೆ.
ಮೊದಲನೆಯದನ್ನು ಅಳಿಸಿಲ್ಲ.